ಅಗಲದ ಪರದೆ, ಆಟದ ನೋಟ

ಕಂಪ್ಯೂಟರಿನಲ್ಲಿ ಆಟವಾಡುವವರು ಹೊಸ ಮಾನಿಟರ್ ಕೊಳ್ಳಲು ಹೊರಟಾಗ ಇಂದು ಎದುರಾಗುವ ಮುಖ್ಯ ಪ್ರಶ್ನೆ ಅಲ್ಟ್ರಾವೈಡ್ ಪರದೆಯದು. ಮಾಮೂಲಿ ಪರದೆಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಅಗಲವಾಗಿದ್ದು, ಬಹುಪಾಲು ಮಾದರಿಗಳಲ್ಲಿ ನೋಡುವವನ ಕಡೆಗೆ ತುಸು ಬಾಗಿಯೂ ಇರುವ ಈ ಪರದೆಗೆ ಹೆಚ್ಚಿನ ಹಣ ತೆರುವುದು ಸಾರ್ಥಕವೇ ಎಂಬುದು ಈ ಭಾಷಣದ ವಿಷಯ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವವರಿಗೂ, ಜಾಲದ ಮೂಲಕ ತರಿಸಿಕೊಳ್ಳುವವರಿಗೂ ಮಾರಾಟಗಾರರು ಮೊದಲು ಹೇಳುವುದು ಇಂಚು, ಹರ್ಟ್ಸ್, ಬಣ್ಣಗಳ ಲೆಕ್ಕವನ್ನು. ಹೆಚ್ಚುವರಿ ಅಗಲ ದೊರೆತಾಗ ಆಟವು ಅದನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಕೊಳ್ಳುವ ನಿರ್ಧಾರ ನಿಲ್ಲಬೇಕಾದದ್ದು ಆ ಪ್ರಶ್ನೆಯ ಮೇಲೆ.

ಮೊದಲು ಆಕಾರವನ್ನು ತಿಳಿಯಬೇಕು. ಪರದೆಯ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣಕ್ಕೆ ಅನುಪಾತ ಎಂದು ಹೆಸರು. ಇಂದಿನ ಟಿವಿಗಳಲ್ಲಿಯೂ ಹೆಚ್ಚಿನ ಮಾನಿಟರುಗಳಲ್ಲಿಯೂ ಕಾಣುವುದು 16:9ರ ಅನುಪಾತ. ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ಅಲ್ಟ್ರಾವೈಡ್ ಪರದೆಯಲ್ಲಿ ಅದೇ 9 ಪಾಲು ಎತ್ತರಕ್ಕೆ ಅಗಲ ಸುಮಾರು 21 ಪಾಲಾಗುತ್ತದೆ. ಚಿತ್ರಮಂದಿರಗಳ ಸಿನಿಮಾಸ್ಕೋಪ್ ಪರದೆಯನ್ನು ನೆನೆಸಿಕೊಂಡರೆ ಈ ಆಕಾರ ಕೇಳುಗರ ಮನಸ್ಸಿಗೆ ಬರುತ್ತದೆ. 29 ಇಂಚಿನ ಇಂಥ ಮಾನಿಟರುಗಳು 2012ರ ಕೊನೆಯ ಹೊತ್ತಿಗೆ ಮಾರುಕಟ್ಟೆಗೆ ಬಂದವು. 2014ರಲ್ಲಿ 34 ಇಂಚಿನ, ಹೆಚ್ಚು ಸ್ಪಷ್ಟತೆಯ ಮಾದರಿ ಬಂದಿತು. 2017ರಲ್ಲಿ ಸ್ಯಾಮ್‌ಸಂಗ್ ಎರಡು ಮಾಮೂಲಿ ಪರದೆಗಳನ್ನು ಜೋಡಿಸಿಟ್ಟಷ್ಟು ಅಗಲದ 49 ಇಂಚಿನ ಪರದೆಯನ್ನು ತಂದಿತು. ಇಂದು ಹೆಚ್ಚು ಜನ ಕೊಳ್ಳಲು ಯೋಚಿಸುವುದು 34 ಇಂಚಿನದನ್ನು. ಆದ್ದರಿಂದ ಮುಂದಿನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಇಂಚಿನ ಸಂಖ್ಯೆಯಲ್ಲಿ ಒಂದು ಭ್ರಮೆ ಅಡಗಿದೆ. ಪರದೆಯ ಇಂಚನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯುವುದರಿಂದ, ಅಗಲ ಹೆಚ್ಚಿದಷ್ಟೂ ಸಂಖ್ಯೆ ಏರುತ್ತದೆ, ಎತ್ತರ ಮಾತ್ರ ಇದ್ದಲ್ಲೇ ಇರುತ್ತದೆ. 34 ಇಂಚಿನ ಅಲ್ಟ್ರಾವೈಡ್ ಪರದೆ ಸುಮಾರು 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರ. 27 ಇಂಚಿನ ಮಾಮೂಲಿ ಪರದೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಅಗಲ 60 ಸೆಂಟಿಮೀಟರ್. ಹಾಗಾಗಿ ಹೆಚ್ಚಿನ ಹಣಕ್ಕೆ ದೊರೆಯುವುದು ಎರಡು ಬದಿಗಳಲ್ಲಿ ಹತ್ತು ಹತ್ತು ಸೆಂಟಿಮೀಟರ್ ಅಷ್ಟೆ. ಅತ್ತ 32 ಇಂಚಿನ ಮಾಮೂಲಿ ಪರದೆಯ ಎತ್ತರ 40 ಸೆಂಟಿಮೀಟರ್. ಅದರ ಒಟ್ಟು ಹರಹು 34 ಇಂಚಿನ ಅಲ್ಟ್ರಾವೈಡ್ ಪರದೆಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ದೊಡ್ಡ ಚಿತ್ರ ಬೇಕೆಂಬ ಒಂದೇ ಕಾರಣಕ್ಕೆ ಅಲ್ಟ್ರಾವೈಡ್ ಕೊಳ್ಳುವವರು ಈ ಅಳತೆಗಳನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಹೀಗೆ ಎತ್ತರ ಅಷ್ಟೇ ಉಳಿದು ಎರಡು ಬದಿಗಳು ಮಾತ್ರ ಬೆಳೆದ ಪರದೆ ಇದು. ಆ ಬದಿಗಳಲ್ಲಿ ಆಟ ಏನನ್ನು ತೋರಿಸುತ್ತದೆ? ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಸಂಗತಿ ಇದೇ.

ಮೂರು ಆಯಾಮದ ಆಟಗಳಲ್ಲಿ ಆಟಗಾರ ಲೋಕವನ್ನು ನೋಡುವುದು ಒಂದು ಕಲ್ಪಿತ ಕ್ಯಾಮೆರಾದ ಮೂಲಕ. ಆ ಕ್ಯಾಮೆರಾ ಎಡದಿಂದ ಬಲಕ್ಕೆ ಎಷ್ಟು ಡಿಗ್ರಿಯಷ್ಟನ್ನು ಒಳಗೊಳ್ಳುತ್ತದೆ ಎಂಬುದನ್ನು ನೋಟದ ಹರವು ಎನ್ನಬಹುದು. ಆಟಗಾರರ ಬಾಯಲ್ಲಿ ಅದು ಎಫ್‌ಒವಿ. ಪರದೆ ಅಗಲವಾದಾಗ ಆಟ ತಯಾರಿಸಿದವರು ಈ ಹರವನ್ನು ಎರಡು ಬಗೆಯಲ್ಲಿ ಹೊಂದಿಸಬಲ್ಲರು. ಮೊದಲನೆಯ ಬಗೆಯಲ್ಲಿ ಮೇಲಿನ ಮತ್ತು ಕೆಳಗಿನ ನೋಟ ಇದ್ದಂತೆಯೇ ಉಳಿದು, ಎಡಬಲಗಳಲ್ಲಿ ಹೊಸದಾಗಿ ಲೋಕ ಕಾಣಿಸಿಕೊಳ್ಳುತ್ತದೆ; ಇದಕ್ಕೆ ಆಟಗಾರರು ಹಾರ್ ಪ್ಲಸ್ ಎನ್ನುತ್ತಾರೆ. ಎರಡನೆಯ ಬಗೆಯಲ್ಲಿ ಎಡಬಲಗಳ ನೋಟವನ್ನು ಬದಲಿಸದೆ, ಚಿತ್ರವನ್ನೇ ಹಿಗ್ಗಿಸಿ ಅಗಲಕ್ಕೆ ತುಂಬಿಸಲಾಗುತ್ತದೆ. ಆಗ ಮೇಲೂ ಕೆಳಗೂ ಮೊದಲು ಕಾಣುತ್ತಿದ್ದದ್ದು ಕತ್ತರಿಸಿಹೋಗುತ್ತದೆ. ಇದು ವರ್ಟ್ ಮೈನಸ್. ಮನೆಯ ಕಿಟಕಿಯನ್ನು ಅಗಲಿಸಲು ಒಬ್ಬ ಮೇಸ್ತ್ರಿ ಪಕ್ಕದ ಗೋಡೆಯನ್ನು ಒಡೆದರೆ, ಇನ್ನೊಬ್ಬ ಕಿಟಕಿಯ ಮೇಲೂ ಕೆಳಗೂ ಹಲಗೆ ಹೊಡೆದು ಅದು ಅಗಲವಾಗಿ ಕಾಣುವಂತೆ ಮಾಡಿದ ಹಾಗೆ. ಎರಡೂ ಕಿಟಕಿಗಳ ಆಕಾರ ಒಂದೇ ಇರಬಹುದು. ಹೊರಗಿನ ರಸ್ತೆ ಹೆಚ್ಚು ಕಾಣುವುದು ಒಂದರಲ್ಲಿ ಮಾತ್ರ.

ಈ ಸಮಸ್ಯೆ ಹೊಸದಲ್ಲ. ಚೌಕಕ್ಕೆ ಹತ್ತಿರವಾಗಿದ್ದ 4:3ರ ಹಳೆಯ ಪರದೆಗಳಿಂದ ಜನ ಅಗಲ ಪರದೆಗಳಿಗೆ ದಾಟುತ್ತಿದ್ದ ಕಾಲದಲ್ಲಿ, 2007ರಲ್ಲಿ, ಬಯೋಶಾಕ್ ಎಂಬ ಹೆಸರಾಂತ ಆಟ ಬಿಡುಗಡೆಯಾಯಿತು. ಹೊಸ ಅಗಲ ಪರದೆ ಕೊಂಡವರಿಗೆ ಹಳೆಯ ಪರದೆಯವರಿಗಿಂತ ಕಡಿಮೆ ನೋಟ ದೊರೆಯುತ್ತಿದ್ದುದು ಬೆಳಕಿಗೆ ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ ಆಟದ ತಯಾರಕರು ತಿದ್ದುಪಡಿಯೊಂದನ್ನು ಹೊರಡಿಸಿ, ಆಯ್ಕೆಯನ್ನು ಆಟಗಾರನ ಕೈಗೇ ಕೊಟ್ಟರು. ಹತ್ತು ವರ್ಷ ಕಳೆಯುವುದರೊಳಗೆ ಅದೇ ವಾದ ಮತ್ತೆ ಎದ್ದಿತು. 2016ರ ಓವರ್‌ವಾಚ್ ಆಟದಲ್ಲಿ 21:9ರ ಪರದೆಗೆ ಅವಕಾಶವಿತ್ತಾದರೂ ಬ್ಲಿಝರ್ಡ್ ಸಂಸ್ಥೆ ಕತ್ತರಿಸುವ ಬಗೆಯನ್ನೇ ಆರಿಸಿಕೊಂಡಿತು. ಅಗಲ ಪರದೆಯುಳ್ಳವನಿಗೆ ಎದುರಾಳಿಗಿಂತ ಹೆಚ್ಚು ಕಾಣಬಾರದು ಎಂಬುದು ಅದರ ನಿಲುವು. ಮುಂದೆ ಓವರ್‌ವಾಚ್ 2ರಲ್ಲಿ ಆ ಬಿಗಿ ಸಡಿಲವಾಯಿತು.

ಎರಡು ಬಗೆಗಳಲ್ಲದೆ ಮೂರನೆಯ ಸಾಧ್ಯತೆಯೂ ಇದೆ: ಆಟವು ಅಗಲವನ್ನು ಒಪ್ಪದೇ ಇರುವುದು. ಆಗ ಚಿತ್ರ ಪರದೆಯ ನಡುವೆ 16:9ರಲ್ಲಿಯೇ ನಿಂತು, ಎರಡೂ ಬದಿಗಳಲ್ಲಿ ಕಪ್ಪು ಪಟ್ಟಿಗಳು ಉಳಿಯುತ್ತವೆ. 2022ರಲ್ಲಿ ಬಂದ ಎಲ್ಡನ್ ರಿಂಗ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಬೆಟ್ಟ, ಕೋಟೆ, ದಿಗಂತದವರೆಗೆ ಚಾಚಿದ ಬಯಲುಗಳಿಂದ ಕೂಡಿದ ಆ ಆಟ ಅಗಲ ಪರದೆಗೆಂದೇ ಹುಟ್ಟಿದಂತಿದ್ದರೂ ಅದನ್ನು ಬಳಸಿಕೊಳ್ಳುವುದಿಲ್ಲ, ಇದು ಖೇದಕರ. ಹವ್ಯಾಸಿಗಳು ಇಂಥ ಆಟಗಳಿಗೆ ಹೊರಗಿನ ತಿದ್ದುಪಡಿಗಳನ್ನು ಬರೆದಿದ್ದಾರೆ, ಅವು ಕೆಲಸವನ್ನೂ ಮಾಡುತ್ತವೆ. ಆದರೆ ಜಾಲದ ಮೂಲಕ ಇತರರೊಡನೆ ಆಡುವಾಗ ಮೋಸ ಹಿಡಿಯುವ ವ್ಯವಸ್ಥೆ ಅವನ್ನೂ ಮೋಸವೆಂದೇ ಪರಿಗಣಿಸಿ ಖಾತೆಯನ್ನು ಮುಚ್ಚುವ ಅಪಾಯವಿದೆ. ಆಟದ ನಡುವೆ ಬರುವ ಕಥಾದೃಶ್ಯಗಳ ವಿಷಯವೂ ಹೀಗೆಯೇ. ಆಟ ಪೂರ್ಣ ಅಗಲದಲ್ಲಿ ನಡೆಯುತ್ತಿದ್ದರೂ ಮೊದಲೇ ಚಿತ್ರೀಕರಿಸಿಟ್ಟ ದೃಶ್ಯ ಬಂದಾಗ ಪಟ್ಟಿಗಳು ಮರಳಿ ಬರುವುದು ಸಾಮಾನ್ಯ.

ಹೀಗಾಗಿ ಅಗಲವನ್ನು ತೆರೆಯುವ, ಕತ್ತರಿಸುವ, ನಿರಾಕರಿಸುವ ಮೂರು ಬಗೆಯ ಆಟಗಳಿವೆ. ತೆರೆಯುವ ಆಟಗಳಲ್ಲಿ ದೊರೆಯುವ ಲಾಭ ಎಷ್ಟು ಎಂಬುದನ್ನು ಈಗ ಅಳೆಯಬಹುದು.

16:9ರ ಪರದೆಯಲ್ಲಿ ನೋಟದ ಹರವು 90 ಡಿಗ್ರಿ ಇದ್ದರೆ ಅಲ್ಟ್ರಾವೈಡ್ ಪರದೆಯಲ್ಲಿ ಅದು ಸುಮಾರು 107 ಡಿಗ್ರಿಗೆ ಏರುತ್ತದೆ. ಈ ಹದಿನೇಳು ಡಿಗ್ರಿಗಳ ಬೆಲೆ ಆಟದಿಂದ ಆಟಕ್ಕೆ ಬೇರೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಓಡಿಸುವ ಆಟವನ್ನು ಕೇಳುಗರು ಊಹಿಸಿಕೊಳ್ಳಲಿ. ಆಟಗಾರ ಕುಳಿತಿರುವುದು ಲಾರಿಯ ಕ್ಯಾಬಿನ್ನಿನಲ್ಲಿ. ಮುಂದೆ ಗಾಜು, ಅದರಾಚೆ ಹೆದ್ದಾರಿ, ಎರಡೂ ಬದಿಗೆ ಕನ್ನಡಿಗಳು. ಮಾಮೂಲಿ ಪರದೆಯಲ್ಲಿ ಪಕ್ಕದ ಗಾಜುಗಳು ಅಂಚಿನಲ್ಲಿ ಕತ್ತರಿಸಿಹೋಗುವುದರಿಂದ, ಕನ್ನಡಿಗಳ ಪ್ರತಿಬಿಂಬವನ್ನು ಚಿತ್ರದ ಮೇಲೆಯೇ ಬೇರೆ ಚೌಕಟ್ಟುಗಳಲ್ಲಿ ತೋರಿಸಲು ಆಟ ಎಫ್2 ಎಂಬ ಕೀಲಿಯನ್ನು ಒದಗಿಸಿದೆ. ಅಗಲ ಪರದೆಯಲ್ಲಿ ಪಕ್ಕದ ಗಾಜುಗಳು ಹೆಚ್ಚು ಒಳಬಂದು, ಚಾಲಕ ತಲೆ ಹೊರಳಿಸುವ ಕೆಲಸ ಬಹಳ ಮಟ್ಟಿಗೆ ಕಣ್ಣು ಹೊರಳಿಸುವ ಕೆಲಸವಾಗುತ್ತದೆ. ತಿರುವಿನಲ್ಲಿ ಟ್ರೈಲರಿನ ಹಿಂಬದಿ ಕಂಬಕ್ಕೆ ತಗಲುತ್ತಿದೆಯೇ ಎಂದು ನೋಡಬೇಕಾದಾಗ ಇದು ಅಲಂಕಾರವಲ್ಲ, ಉಪಕರಣ. ಕಾರ್ ಓಟದ ಆಟಗಳಲ್ಲಿ, 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಂಥ ವಿಮಾನದ ಆಟಗಳಲ್ಲಿ ಇದೇ ಅನುಕೂಲ ದೊರೆಯುತ್ತದೆ. ಚಲನೆಯನ್ನು ಗುರುತಿಸುವುದರಲ್ಲಿ ಕಣ್ಣಂಚಿನ ನೋಟ ಚುರುಕಾದದ್ದು. ರಸ್ತೆಬದಿಯ ಮರಗಳು ಕಣ್ಣಂಚಿನಲ್ಲಿ ಹಿಂದಕ್ಕೆ ಸರಿದಾಗ ವೇಗದ ಅನುಭವ ಗಾಢವಾಗುವುದು ಇದೇ ಕಾರಣಕ್ಕೆ.

ಮೇಲಿನಿಂದ ಭೂಪಟವನ್ನು ನೋಡುತ್ತ ಆಡುವ ತಂತ್ರಗಾರಿಕೆಯ ಆಟಗಳಲ್ಲಿ ಲಾಭ ಇನ್ನೂ ನೇರ. 2019ರಲ್ಲಿ ಮರುರೂಪ ಪಡೆದ ಏಜ್ ಆಫ್ ಎಂಪೈರ್ಸ್ 2ರಲ್ಲಿ ಅಗಲ ಹೆಚ್ಚಿದಂತೆ ಒಂದೇ ಸಲಕ್ಕೆ ಹೆಚ್ಚು ಭೂಮಿ ಕಾಣುತ್ತದೆ. ಹೊಲದಲ್ಲಿ ದುಡಿಯುವವರನ್ನೂ ಕೋಟೆಯ ಬಾಗಿಲಲ್ಲಿ ನಿಂತ ಸೈನ್ಯವನ್ನೂ ಭೂಪಟ ಸರಿಸದೆ ನೋಡಬಹುದು. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2ರಂಥ ಕಥಾಪ್ರಧಾನ ಆಟಗಳಲ್ಲಿ ಆಟದ ಗೆಲುವು ಸೋಲಿಗೆ ಅಗಲದಿಂದ ವ್ಯತ್ಯಾಸವಾಗದು. ಆದರೆ ಊರು, ಬಯಲು, ಆಕಾಶಗಳ ನಡುವೆ ತಾನೇ ಇರುವಂತಹ ತಲ್ಲೀನತೆ ಹೆಚ್ಚುತ್ತದೆ. ಆಟವಾಡುವುದೇ ಆ ತಲ್ಲೀನತೆಗಾಗಿ ಎನ್ನುವವರು ಅದಕ್ಕೆ ಹಣ ತೆರುವುದರಲ್ಲಿ ತಪ್ಪೇನಿಲ್ಲ.

ಸ್ಪರ್ಧೆಗಾಗಿ ಆಡುವವರ ಲೆಕ್ಕ ಬೇರೆ. ವ್ಯಾಲರಂಟ್ ಎಂಬ ಗುಂಡಿನಾಟ 16:9ಕ್ಕಿಂತ ಹೆಚ್ಚಿನ ನೋಟವನ್ನು ಯಾರಿಗೂ ಕೊಡುವುದಿಲ್ಲ. ಕೌಂಟರ್ ಸ್ಟ್ರೈಕ್ ಅಗಲವನ್ನು ತೆರೆಯುತ್ತದೆ ಎಂಬುದು ನಿಜವಾದರೂ ಅದರ ವೃತ್ತಿಪರ ಪಂದ್ಯಗಳು ನಡೆಯುವುದು 24, 25 ಇಂಚಿನ ಮಾಮೂಲಿ ಪರದೆಗಳ ಮೇಲೆ. ಅಷ್ಟೇ ಅಲ್ಲ, ಹಲವು ಆಟಗಾರರು ಎದುರಾಳಿಯ ಆಕೃತಿ ದಪ್ಪಗೆ ಕಾಣಲೆಂದು 4:3ರ ಹಳೆಯ ಅನುಪಾತವನ್ನೇ ಹಿಗ್ಗಿಸಿ ಆಡುತ್ತಾರೆ. ಅವರಿಗೆ ಬೇಕಾದದ್ದು ಕಣ್ಣು ಕದಲಿಸದೆ ಇಡೀ ಪರದೆಯನ್ನು ಹಿಡಿಯುವುದು, ಮತ್ತು ಚಿತ್ರ ಬೇಗ ಬೇಗ ಬದಲಾಗುವುದು. ಇಂಥ ಆಟಗಳಿಗೇ ತಮ್ಮ ಸಂಜೆಗಳನ್ನು ಮೀಸಲಿಟ್ಟವರು ಅಲ್ಟ್ರಾವೈಡ್ ಕೊಳ್ಳದಿರುವುದೇ ಲೇಸು. ಅದೇ ಹಣಕ್ಕೆ ಹೆಚ್ಚು ವೇಗದ ಚಿಕ್ಕ ಪರದೆ ದೊರೆಯುತ್ತದೆ.

ಲಾಭದ ಜೊತೆಗೆ ಬರುವ ಒಂದು ದೋಷವನ್ನೂ ಇಲ್ಲಿಯೇ ಹೇಳಬೇಕು. ದುಂಡಗಿನ ನೋಟವನ್ನು ಚಪ್ಪಟೆ ಚಿತ್ರವಾಗಿ ಹರಡುವಾಗ ಅಂಚಿಗೆ ಹೋದಂತೆ ವಸ್ತುಗಳು ಅಡ್ಡಕ್ಕೆ ಎಳೆದಂತಾಗುತ್ತವೆ. 90 ಡಿಗ್ರಿಯ ಹರವಿನಲ್ಲಿ ಅಂಚಿನ ವಸ್ತು ನಡುವಿನ ವಸ್ತುವಿಗಿಂತ ಸುಮಾರು ಎರಡು ಪಟ್ಟು ಅಗಲವಾಗಿ ಮೂಡಿದರೆ, 107 ಡಿಗ್ರಿಯಲ್ಲಿ ಅದು ಎರಡೂ ಮುಕ್ಕಾಲು ಪಟ್ಟನ್ನು ಮೀರುತ್ತದೆ. ಅಂಚಿನಲ್ಲಿ ನಿಂತ ಮನುಷ್ಯ ಗಿಡ್ಡನಾಗಿ ಊದಿಕೊಂಡಂತೆ ಕಾಣುವುದು ಪರದೆಯ ತಪ್ಪಿನಿಂದಲ್ಲ, ಈ ಗಣಿತದಿಂದ. ನೋಟದ ಹರವನ್ನು ಆಟದ ಒಳಗೇ ಸ್ವಲ್ಪ ಇಳಿಸಿದರೆ ವಿಕಾರ ಕಡಿಮೆಯಾಗುತ್ತದೆ, ಗಳಿಸಿದ ಅಗಲದ ಒಂದಿಷ್ಟು ಭಾಗ ಕಳೆದೂ ಹೋಗುತ್ತದೆ.

ಆಟಗಳ ಮಾತಾಯಿತು: ಚಾಲನೆ, ತಂತ್ರಗಾರಿಕೆ, ಕಥೆಗಳ ಆಟಕ್ಕೆ ಅಗಲ ಒದಗುತ್ತದೆ, ಸ್ಪರ್ಧೆಯ ಗುಂಡಿನಾಟಕ್ಕೆ ಒದಗುವುದಿಲ್ಲ. ಇನ್ನು ಆ ಅಗಲವನ್ನು ತುಂಬಿಸಬೇಕಾದ ಯಂತ್ರದ ಮಾತು.

ಪರದೆಯ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದ ಆದದ್ದು. ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಸೆಕೆಂಡಿಗೆ ಹಲವಾರು ಸಲ ಲೆಕ್ಕ ಹಾಕಿ ಕೊಡುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಬಿಂದುಗಳು, 27 ಇಂಚಿನ 1440ಪಿ ಪರದೆಯಲ್ಲಿ 37 ಲಕ್ಷ, 34 ಇಂಚಿನ ಅಲ್ಟ್ರಾವೈಡ್ ಪರದೆಯಲ್ಲಿ 50 ಲಕ್ಷ, 4ಕೆ ಪರದೆಯಲ್ಲಿ 80 ಲಕ್ಷಕ್ಕೂ ಹೆಚ್ಚು ಇರುತ್ತವೆ. ಹಾಗಾಗಿ 1080ಪಿಯಿಂದ ಅಲ್ಟ್ರಾವೈಡ್‌ಗೆ ಬರುವವರ ಕಾರ್ಡಿನ ಹೊರೆ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ. 1440ಪಿಯಿಂದ ಬರುವವರಿಗೆ ಮೂರನೇ ಒಂದು ಪಾಲು ಹೆಚ್ಚುತ್ತದೆ. ಸೆಕೆಂಡಿಗೆ 100 ಚಿತ್ರ ಕೊಡುತ್ತಿದ್ದ ಕಾರ್ಡು 75, 80ಕ್ಕೆ ಇಳಿಯಬಹುದು. ಚಿತ್ರವನ್ನು ಕಡಿಮೆ ಬಿಂದುಗಳಲ್ಲಿ ರಚಿಸಿ ಆಮೇಲೆ ಹಿಗ್ಗಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಎಂಬ ತಂತ್ರಗಳು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಲ್ಯಾಪ್‌ಟಾಪಿಗೆ ಈ ಪರದೆಯನ್ನು ಜೋಡಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಹಳೆಯ ಪೀಳಿಗೆಯದಾದರೆ ಪರದೆಯ ಪೂರ್ಣ ವೇಗ ದೊರೆಯುವುದಿಲ್ಲ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಗಳಂತೂ 21:9ರ ಚಿತ್ರವನ್ನು ಕೊಡುವುದೇ ಇಲ್ಲ. ಒಂದೇ ಪರದೆಯಲ್ಲಿ ಕಂಪ್ಯೂಟರಿನ ಆಟಗಳನ್ನೂ ಈ ಯಂತ್ರಗಳ ಆಟಗಳನ್ನೂ ಆಡಬೇಕೆನ್ನುವ ಮನೆಗಳಿಗೆ ಇದು ದೊಡ್ಡ ಕೊರತೆ.

ಯಂತ್ರದ ಹೊರೆ ತಿಳಿಯಿತು. ಉಳಿದದ್ದು ಮೇಜು ಮತ್ತು ಕಣ್ಣು.

80 ಸೆಂಟಿಮೀಟರ್ ಅಗಲದ ಪರದೆಯನ್ನು 70 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ಕಣ್ಣೆದುರಿನ 60 ಡಿಗ್ರಿಯಷ್ಟು ಜಾಗವನ್ನು ತುಂಬುತ್ತದೆ. 27 ಇಂಚಿನದು ತುಂಬುವುದು 46 ಡಿಗ್ರಿ. ಮೂಲೆಯಲ್ಲಿರುವ ಆಟದ ನಕಾಶೆಯನ್ನೋ ಉಳಿದ ಗುಂಡುಗಳ ಲೆಕ್ಕವನ್ನೋ ನೋಡಲು ಕಣ್ಣು ಹೆಚ್ಚು ದೂರ ಓಡಬೇಕು. ಇಂಥ ಸೂಚಕಗಳನ್ನು ನಡುವಿನ ಕಡೆಗೆ ಎಳೆದುಕೊಳ್ಳಲು ಅನುವು ಮಾಡಿಕೊಡುವ ಆಟಗಳು ಅಲ್ಟ್ರಾವೈಡ್ ಬಳಸುವವರಿಗೆ ನಿಜವಾದ ಉಪಕಾರ ಮಾಡಿವೆ. ಪರದೆ ಬಾಗಿರುವುದು ಕೂಡ ಕಣ್ಣಿಗಾಗಿಯೇ, ಎರಡು ಅಂಚುಗಳೂ ನೋಡುವವನ ಕಡೆಗೆ ತಿರುಗಿರಲೆಂದು. 1800ಆರ್ ಎಂದರೆ 1800 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಣುಕು. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಹೆಚ್ಚು. ಎದುರಿಗೆ ನೇರವಾಗಿ ಕುಳಿತ ಒಬ್ಬರಿಗೆ ಅದು ಹಿತ. ಪಕ್ಕದಲ್ಲಿ ಕುಳಿತು ಜೊತೆಗೆ ನೋಡುವ ತಮ್ಮನಿಗೋ ಗೆಳತಿಗೋ ಅಲ್ಲ. ನಮ್ಮ ಮನೆಗಳ ಕಂಪ್ಯೂಟರ್ ಮೇಜುಗಳು ಬಹಳ ಕಡೆ ಎರಡಡಿಯಷ್ಟೇ ಆಳವಿರುತ್ತವೆ. ಪರದೆಯ ಕಾಲು ಒಂದಿಷ್ಟು ಜಾಗ ತಿಂದ ಮೇಲೆ ಕಣ್ಣಿಗೂ ಪರದೆಗೂ ಉಳಿಯುವ ಅಂತರ ಸಾಲದೆ ಬರಬಹುದು. ಅಲ್ಲಿ ಗೋಡೆಗೆ ಅಥವಾ ಮೇಜಿನ ಅಂಚಿಗೆ ಹಿಡಿಸುವ ತೋಳು ಬೇಕಾಗುತ್ತದೆ, ಅದರ ಖರ್ಚೂ ಲೆಕ್ಕಕ್ಕೆ ಸೇರಬೇಕು.

2022ರಿಂದ ಅಲ್ಟ್ರಾವೈಡ್ ಆಕಾರದಲ್ಲಿ ಓಎಲ್‌ಇಡಿ ಪರದೆಗಳೂ ಬಂದಿವೆ. ಇವುಗಳಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ಎಂದರೆ ಪೂರ್ತಿ ಕಪ್ಪು. ಕತ್ತಲೆಯ ಕೋಣೆಯಲ್ಲಿ ಮೊದಲು ಹೇಳಿದ ಬದಿಯ ಪಟ್ಟಿಗಳು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಬೆಳಗಿದಷ್ಟೂ ಬಿಂದು ಸವೆಯುತ್ತದೆ. ವರ್ಷಗಟ್ಟಲೆ 16:9ರ ಆಟಗಳನ್ನೇ ಆಡಿದರೆ ನಡುವಿನ ಭಾಗ ಬದಿಗಳಿಗಿಂತ ಹೆಚ್ಚು ಸವೆಯುವುದು ಸಹಜ. ಆಡುವ ಆಟಗಳಲ್ಲಿ ಅಗಲವನ್ನು ಒಪ್ಪುವವೇ ಹೆಚ್ಚಿರಬೇಕು ಎಂಬುದಕ್ಕೆ ಇದು ಇನ್ನೊಂದು ಕಾರಣ.

ಆಟ, ಕಾರ್ಡು, ಮೇಜು ಈ ಮೂರನ್ನೂ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಪರೀಕ್ಷಿಸಬಹುದು, ಅದಕ್ಕೆ ಪೈಸೆ ಖರ್ಚಿಲ್ಲ. 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರದ ರಟ್ಟನ್ನು ಕತ್ತರಿಸಿ, ಪರದೆ ಇರುವ ಜಾಗದಲ್ಲಿ ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತು ಎರಡೂ ತುದಿಗಳನ್ನು ನೋಡಿದರೆ ಮೇಜಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆಟದ ಪ್ರಶ್ನೆಗೆ ಈಗಿರುವ 1080ಪಿ ಪರದೆಯೇ ಸಾಕು. ಗ್ರಾಫಿಕ್ಸ್ ಕಾರ್ಡಿನ ನಿಯಂತ್ರಣ ಫಲಕದಲ್ಲಿ 1920 ಬಿಂದು ಅಡ್ಡಕ್ಕೆ, 804 ಬಿಂದು ಉದ್ದಕ್ಕೆ ಎಂಬ ಹೊಸ ಅಳತೆಯನ್ನು ಸೇರಿಸಿ, ಚಿತ್ರವನ್ನು ಹಿಗ್ಗಿಸದಂತೆ ಸೂಚಿಸಿ ಆಟವನ್ನು ತೆರೆದರೆ, ಮೇಲೂ ಕೆಳಗೂ ಕಪ್ಪು ಬಿಟ್ಟು ನಡುವೆ 21:9ರ ಚಿಕ್ಕ ಚಿತ್ರ ಮೂಡುತ್ತದೆ. ಆಟದ ಒಂದೇ ಜಾಗದಲ್ಲಿ, ಒಂದು ಬಾಗಿಲ ಮುಂದೆ ನಿಂತು, ಎರಡೂ ಅಳತೆಗಳಲ್ಲಿ ನೋಡಬೇಕು. ಬಾಗಿಲ ಎಡಬಲಗಳಲ್ಲಿ ಹೊಸ ಗೋಡೆ ಕಾಣಿಸಿದರೆ ಆಟ ಅಗಲವನ್ನು ತೆರೆಯುತ್ತದೆ. ಬಾಗಿಲ ಮೇಲಿನ ಸೂರು ಮಾಯವಾದರೆ ಕತ್ತರಿಸುತ್ತದೆ. ಕೊನೆಯದು ಕಾರ್ಡಿನ ಪರೀಕ್ಷೆ. ಎನ್‌ವಿಡಿಯಾ ಕಾರ್ಡುಗಳ ಡಿಎಸ್‌ಆರ್ ಸೌಲಭ್ಯದಲ್ಲಿ 2.25 ಪಟ್ಟು ಎಂಬುದನ್ನು ಆರಿಸಿದರೆ 1080ಪಿ ಪರದೆಯ ಮೇಲೂ ಆಟ ಸುಮಾರು 47 ಲಕ್ಷ ಬಿಂದುಗಳನ್ನು ರಚಿಸಬೇಕಾಗುತ್ತದೆ. ಅಲ್ಟ್ರಾವೈಡ್ ಪರದೆಯ 50 ಲಕ್ಷಕ್ಕೆ ಅದು ಸಾಕಷ್ಟು ಹತ್ತಿರ. ಮೆಚ್ಚಿನ ಆಟ ಆ ಹೊರೆಯಲ್ಲಿಯೂ ಸೆಕೆಂಡಿಗೆ 60 ಚಿತ್ರಗಳ ಮೇಲೆ ನಿಂತರೆ ಪರದೆಗೆ ಹಣ ಹಾಕಬಹುದು. ಹಿಗ್ಗಿಸುವ ತಂತ್ರದ ನೆರವು ಪಡೆದರೂ ನಿಲ್ಲದಿದ್ದರೆ ಆ ಹಣ ಮೊದಲು ಹೋಗಬೇಕಾದದ್ದು ಕಾರ್ಡಿಗೆ.